ಲಾರಿಯಲ್ಲಿ ಬೆಂದ ಅನ್ನ

ಹಾರ್ನ್ ಮಾವನ ಹೊಟ್ಟೆ ಹುಣ್ಣಿಗೆ ಡಾಕ್ಟರು ಮಾತ್ರೆ ಕೊಟ್ಟರು, ಹೆಂಡತಿ ಕರೆಂಟ್ ಕುಕ್ಕರ್ ಕೊಟ್ಟಳು. ರಗಳೆ ಶುರುವಾಗಿದ್ದು ಆ ಕುಕ್ಕರಿನಿಂದ.

ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯುತ್ತಾನೆಂದು ಜೊತೆಯ ಡ್ರೈವರುಗಳು ಇಟ್ಟ ಹೆಸರದು. ಇಪ್ಪತ್ತಾರು ವರ್ಷದಿಂದ ಲಾರಿ ಓಡಿಸುತ್ತಿದ್ದ. ಒಮ್ಮೆ ಹೊರಟರೆ ಹತ್ತು ದಿನ ಮನೆ ಕಡೆ ತಲೆ ಹಾಕುವಂತಿರಲಿಲ್ಲ. ದಾರಿಯ ಹೋಟೆಲುಗಳ ಖಾರ, ಎಣ್ಣೆ ತಿಂದು ಹೊಟ್ಟೆ ಕೆಟ್ಟು ಕೆರ ಹಿಡಿದಿತ್ತು. ಆದರೆ ಲಾರಿ ಬಿಡುವುದೆಂದರೆ ಅವನಿಗೆ ಪ್ರಾಣ ಬಿಟ್ಟಂತೆ.

"ನೋಡ್ರೀ, ನಾಳೆ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ವೀಡಿಯೊ ಕಾಲ್ ಮಾಡ್ತೀನಿ," ಎಂದಿದ್ದಳು ಹೆಂಡತಿ. "ನಿಮ್ಮ ಮುಂದೆ ನೀವೇ ಮಾಡಿದ ಬಿಸಿ ಅನ್ನ ಇರಬೇಕು. ಇಲ್ದಿದ್ರೆ ಕೀ ಮಾಲೀಕರಿಗೆ ಕೊಟ್ಟು ಮನೆಗೆ ಬನ್ನಿ. ನನಗೆ ಲಾರಿ ಬೇಡ, ನೀವು ಬೇಕು."

ಮರುದಿನ ಹನ್ನೆರಡಕ್ಕೆ ಮಾವ ಗೋಡೌನಿನ ಮುಂದಿನ ಲಾರಿಗಳ ಸಾಲಿನಲ್ಲಿದ್ದ. ಸರಕು ಇಳಿಸುವ ಸರದಿ ಬರಲು ಸಂಜೆಯಾಗುತ್ತಿತ್ತು. ಕುಕ್ಕರನ್ನು ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ ಕೂರಿಸಿದ. ಕುಕ್ಕರಿನ ಜೊತೆ ಅಂಗಡಿಯವನು ಕೊಟ್ಟಿದ್ದ ಇನ್ವರ್ಟರನ್ನು ಸಿಗರೇಟ್ ಲೈಟರಿನ ತೂತಿಗೆ ಚುಚ್ಚಿ ಸ್ವಿಚ್ ಒತ್ತಿದ. ಇನ್ವರ್ಟರ್ ಕೀಂಯ್ ಎಂದು ಕಿರುಚಿತು. ಹಿಂದೆಯೇ ಟಪ್ ಎಂದು ಲಾರಿಯ ಫ್ಯೂಸ್ ಹೋಯಿತು.

ಆ ಸದ್ದಿಗೆ ಪಕ್ಕದ ಲಾರಿಯ ಮೇಷ್ಟ್ರು ಇಳಿದು ಬಂದ. ಪಾಠ ಹೇಳುವ ಚಟಕ್ಕೆ ಬಿದ್ದ ಹೆಸರದು, ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ.

"ಅಯ್ಯೋ ಮಾವ, ಇದು ಕಾರಿಗೆ ಹಾಕೋ ಇನ್ವರ್ಟರು! ಕಾರಿಗೆ ಒಂದೇ ಬ್ಯಾಟರಿ, ಲಾರಿಗೆ ಎರಡು. ಎರಡರ ಜೋರು ಇದು ತಡ್ಕೊಳ್ಳುತ್ತಾ? ಒಂದು ಬ್ಯಾಟರಿಗೆ ಮಾತ್ರ ನೇರ ವೈರ್ ಕೊಡೋಣ."

ದಪ್ಪ ವೈರು ಕೆಳಗಿನ ಬ್ಯಾಟರಿ ಪೆಟ್ಟಿಗೆಯಿಂದ ಕಿಟಕಿ ಹತ್ತಿ ಒಳಗೆ ಬಂತು. ಕುಕ್ಕರಿನ ಕೆಂಪು ದೀಪ ಹೊತ್ತಿತು. ಮಾವನ ಮುಖವೂ ಅರಳಿತು.

"ಎಂಜಿನ್ ಆನ್ ಮಾಡ್ಲಾ?"

"ಸುಮ್ನೆ ಯಾಕೆ ಡೀಸೆಲ್ ಸುಡ್ತೀಯ? ಬ್ಯಾಟರಿ ಇರೋದು ಯಾತಕ್ಕೆ?"

ಕರೆಂಟಿದೆ ಎನ್ನುವ ಸುದ್ದಿ ಸಾಲಿನುದ್ದಕ್ಕೂ ಹಬ್ಬಿತು. ಮೀಸೆ ಎನ್ನುವ ಡ್ರೈವರ್ ಕೆಟಲ್ ಹಿಡಿದು ಬಂದ. "ಒಂದೇ ಒಂದು ಟೀ ಮಾವ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಗುತ್ತೆ." ಇನ್ನೊಬ್ಬ ಮೊಟ್ಟೆ ಬೇಯಿಸುವ ಡಬ್ಬಿ ತಂದ. ಮತ್ತೊಬ್ಬ ಮೊಬೈಲ್ ಚಾರ್ಜರ್ ಸಿಕ್ಕಿಸಿದ. ಮಾವನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಹನ್ನೆರಡು ಮುಕ್ಕಾಲಿಗೆ ಎಲ್ಲ ದೀಪಗಳೂ ಒಟ್ಟಿಗೆ ಆರಿದವು. ಮಾವ ಗಾಬರಿಯಿಂದ ಕೀ ತಿರುಗಿಸಿದ. ಎಂಜಿನ್ ಕಟಕಟ ಎಂದು ಸುಮ್ಮನಾಯಿತು. ಮುಚ್ಚಳ ತೆಗೆದು ನೋಡಿದರೆ ಅಕ್ಕಿ ಇನ್ನೂ ಅರ್ಧ ಕಲ್ಲು.

"ನಿಮ್ಮ ಮನೆ ಹಾಳಾಗ! ಟೀ ಕುಡಿದು ನನ್ನ ಲಾರಿ ಕಳೆದ್ರಲ್ರೋ!" ಮಾವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಹೆಂಡತಿಯ ಷರತ್ತನ್ನು ಬಿಕ್ಕುತ್ತಲೇ ಹೇಳಿಬಿಟ್ಟ.

ಎಲ್ಲರಿಗೂ ಪಿಚ್ಚೆನಿಸಿತು. ಮೀಸೆ ಓಡಿಹೋಗಿ ತನ್ನ ಲಾರಿಯನ್ನು ಪಕ್ಕಕ್ಕೆ ತಂದ. ಮೇಷ್ಟ್ರು ಬಾಯಿ ಮುಚ್ಚಿಕೊಂಡು ಬ್ಯಾಟರಿಯಿಂದ ಬ್ಯಾಟರಿಗೆ ವೈರ್ ಹಾಕಿದ. ಮಾವನ ಎಂಜಿನ್ ಗುಡುಗಿತು, ಕುಕ್ಕರ್ ಮತ್ತೆ ಕುದಿಯಿತು. ಹತ್ತು ಜನ ಎರಡೂ ಬಾಗಿಲುಗಳಿಗೆ ಜೋತುಬಿದ್ದು ಅದನ್ನೇ ನೋಡುತ್ತ ನಿಂತರು.

ಕುಕ್ಕರ್ ಟಕ್ ಎಂದಿತು. ಫೋನೂ ಬಡಿದುಕೊಂಡಿತು.

ಮುಚ್ಚಳ ತೆಗೆದರೆ ಬಿಳೀ ಅನ್ನ, ಹಬೆಯಾಡುತ್ತಿತ್ತು. ಮಾವ ಫೋನನ್ನು ಅದರ ಮೇಲೆ ಹಿಡಿದ. ಹೆಂಡತಿ ಕಣ್ಣರಳಿಸಿದಳು.

"ಅಬ್ಬಾ, ನಾನು ಸೋತೆ ಕಣ್ರೀ. ಲಾರಿ ನಿಮ್ದೇ, ಓಡಿಸ್ಕೊಳ್ಳಿ."

ಮಾವ ಕುಣಿಯುವುದೊಂದು ಬಾಕಿ. ಆ ಖುಷಿಯಲ್ಲಿ, "ತಿನ್ರೋ ಎಲ್ರೂ!" ಎಂದುಬಿಟ್ಟ. ಹತ್ತು ಚಮಚಗಳು ಒಟ್ಟಿಗೆ ಕುಕ್ಕರಿಗೆ ಇಳಿದವು.

"ಅಕ್ಕಾ, ನಿಮ್ಮ ಪುಣ್ಯ," ಎಂದ ಮೀಸೆ ಫೋನಿಗೆ ಮುಖ ತೂರಿಸಿ. "ಇಷ್ಟು ಮೆತ್ತಗಿನ ಅನ್ನ ಕಂಡು ವರ್ಷಗಳಾಗಿತ್ತು. ನಮಗೆಲ್ಲ ಇದೇ ಹೊಟ್ಟೆ ನೋವು ಅಕ್ಕಾ."

"ಅಯ್ಯೋ ಪಾಪ. ಅಲ್ಲಿ ಒಳ್ಳೆ ಊಟ ಸಿಗಲ್ವಾ?"

"ಎಲ್ಲಿ ಬಂತು? ದಿನಾ ನೂರು ಲಾರಿ ನಿಲ್ಲುತ್ತೆ. ಒಂದು ನೆಟ್ಟಗಿನ ಕ್ಯಾಂಟೀನಿಲ್ಲ."

ಪರದೆಯ ಮೇಲೆ ಹೆಂಡತಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆ ಲೆಕ್ಕ ಮಾವನಿಗೆ ಯಾಕೋ ಸರಿಬರಲಿಲ್ಲ.

"ರೀ," ಎಂದಳು. "ಈ ತಿಂಗಳ ಕೊನೆಗೆ ಲಾರಿ ಬಿಟ್ಟುಬಿಡಿ. ನಾವೇ ಅಲ್ಲೊಂದು ಕ್ಯಾಂಟೀನ್ ಹಾಕೋಣ. ಅನ್ನ ಮಾಡೋಕೆ ನೀವಿದೀರಿ, ಮಿಕ್ಕಿದ್ದು ನನಗಿರಲಿ. ದಿನಾ ಜೊತೇಲೇ ಇರಬಹುದು."

"ಲೇ, ಈಗಷ್ಟೇ ಲಾರಿ ನಿಮ್ದೇ ಅಂದ್ಯಲ್ಲೇ!"

"ಅನ್ನ ಇಷ್ಟು ಚೆನ್ನಾಗಿ ಆಗುತ್ತೆ ಅಂತ ನನಗೇನು ಗೊತ್ತಿತ್ತು?"

ಹತ್ತೂ ಜನ ಚಪ್ಪಾಳೆ ಹೊಡೆದರು. "ನಮ್ಮ ಊಟ ನಿಮ್ಮಲ್ಲೇ ಅಕ್ಕಾ!" ಎಂದು ಮೇಷ್ಟ್ರು ಎಲ್ಲರ ಪರವಾಗಿ ಮಾತು ಕೊಟ್ಟ. ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬನಾದರೂ ತನ್ನ ಪರ ಇರಬೇಕಲ್ಲ! ಎಲ್ಲರ ಬಾಯಲ್ಲೂ ಅನ್ನ. ಅವರ ನಡುವೆ ಪರದೆಯ ಮೇಲೆ ಹೆಂಡತಿ ಎಷ್ಟೋ ವರ್ಷಗಳ ನಂತರ ಹಾಗೆ ನಗುತ್ತಿದ್ದಳು. ಅದನ್ನು ನೋಡಿ ಅವನಿಗೂ ನಗು ತಡೆಯಲಾಗಲಿಲ್ಲ.

"ಆಯ್ತು ಕಣೇ," ಎಂದ. "ಬರೋ ಲಾರಿಗಳನ್ನ ರಿವರ್ಸ್ ತೆಗೆದು ನಿಲ್ಲಿಸೋ ಕೆಲಸನಾದ್ರೂ ನನಗೆ ಬಿಡ್ತೀಯಾ?"

"ಅದು ಆಮೇಲೆ. ಮೊದಲು ಇನ್ನೊಂದು ಪಾವು ಅಕ್ಕಿ ತೊಳೀರಿ. ಹಿಂದೆ ನಿಂತವರಿಗೆ ಸಿಕ್ಕಿದ್ದು ಒಂದೇ ತುತ್ತು."