ನಿಧಾನದವರು ಮುಂದೆ

ಇವತ್ತು ಬೆಳಿಗ್ಗೆ ಎದ್ದು ಅಂಗಳಕ್ಕೆ ಸೆಗಣಿನೀರು ಹಾಕಿದೆ. ಎಮ್ಮೆ ಹಿಂಡಿದೆ. ಮಾವನವರಿಗೆ ಸ್ನಾನಕ್ಕೆ ನೀರು ಕಾಸಿದೆ. ಹದಿನೇಳು ಮಂದಿಗೆ ಸಾಲುವಷ್ಟು ಜೋಳದ ಹಿಟ್ಟು ಸಾಣಿಸಿದೆ, ಶೇಂಗಾ ಹುರಿದು ಹಿಂಡಿ ಕುಟ್ಟಿದೆ, ಪುಂಡಿಸೊಪ್ಪು ಸೋಸಿದೆ, ಮಗನ ಹಾಸಿಗೆ ಬಿಸಿಲಿಗೆ ಹಾಕಿದೆ. ಇಷ್ಟು ಹೊತ್ತಿನಲ್ಲಿ ನಮ್ಮಣ್ಣ ಮಾಡಿದ ಕೆಲಸ ಒಂದೇ. ಹನ್ನೊಂದು ಸಲ ಮಾಳಿಗೆ ಹತ್ತಿ ಗುಡ್ಡ ನೋಡಿದ. ಹನ್ನೊಂದು ಸಲ ಇಳಿದು ಬಂದು, “ಇನ್ನೂ ಕಾಣವಲ್ರು” ಎಂದ.

ನೀವೆಲ್ಲ ಒಂದು ವರ್ಷದ ಕೂಸಾಗಿದ್ದಾಗಲೇ ನಡೆಯಲು ಕಲಿತಿದ್ದೀರಿ ಎಂದುಕೊಂಡಿದ್ದರೆ ಅದು ತಪ್ಪು. ನಮ್ಮಣ್ಣನ ಪ್ರಕಾರ ನೀವು ಕಲಿತದ್ದು ಬೀಳದೆ ಇರುವುದನ್ನು. ನಡೆಯುವುದನ್ನು ಬಲ್ಲವನು ಹಳೆಯ ಹೈದರಾಬಾದ ಸಂಸ್ಥಾನದಲ್ಲೆಲ್ಲ ಒಬ್ಬನೇ ಇದ್ದಾನೆ. ಅವನು ಯಾರೆಂದು ಬೇರೆ ಹೇಳಬೇಕೆ?

ಅಣ್ಣನದು ಜಮೀನು ಅಳೆಯುವವರ ಸರಪಳಿ ಹಿಡಿಯುವ ನೌಕರಿ. ಮೂವತ್ತು ವರ್ಷ ಹೊಲ, ಹಳ್ಳ, ಗುಡ್ಡ ಎಲ್ಲ ತುಳಿದಿದ್ದಾನೆ. ಮನೆಯಲ್ಲೂ ಅಡುಗೆಮನೆಯಿಂದ ಪಡಸಾಲೆಗೆ ಇಪ್ಪತ್ತೆರಡು ಹೆಜ್ಜೆ, ಬಾವಿಗೆ ನಲವತ್ತು ಎಂದು ಅವನಿಗೆ ಬಾಯಿಪಾಠ. ಹೀಗಾಗಿ ಕಲಬುರ್ಗಿಯ ಕೋಟೆಯ ಹತ್ತಿರ ಅವನಿರುವ ಓಣಿಯ ತರುಣ ಸಂಘದವರು, ದೀಪಾವಳಿ ರಜೆಗೆ ಆರು ದಿನ ಕಾಲ್ನಡಿಗೆಯಲ್ಲಿ ಗುಡ್ಡ ತಿರುಗಿ ಬರುತ್ತೇವೆಂದು ಹೊರಟಾಗ, ಸಲಹೆ ಕೇಳಲು ಬಂದದ್ದು ಅವನ ಹತ್ತಿರವೇ. ಕಲಬುರ್ಗಿಯಿಂದ ಕಮಲಾಪುರ, ಅಲ್ಲಿಂದ ಚಿಂಚೋಳಿ ಕಡೆಯ ಗುಡ್ಡ, ತಿರುಗಿ ಕಮಲಾಪುರ. ನನ್ನ ಮಗ ಓದಲೆಂದು ಈ ಸೋದರಮಾವನ ಮನೆಯಲ್ಲೇ ಇರುವುದರಿಂದ ಅವನೂ ಆ ಸಂಘದವನೇ. ಹಾದಿಗೆ ರೊಟ್ಟಿ ಬಡಿದು ಕೊಡಲು ನಾನೂ ಕಮಲಾಪುರದಿಂದ ಹೋಗಿದ್ದೆ. ಹೀಗಾಗಿ ಸಲಹೆಯ ಸೊಗಸೆಲ್ಲ ಕಣ್ಣಾರೆ ಕಂಡೆ.

ಮೊದಲು ಚೀಲಗಳ ತಪಾಸಣೆ. ಸಂಘದ ಮುಖಂಡನದು ಕೊಕ್ಕರೆಯ ಕಾಲು, ಮಾತು ಅದಕ್ಕಿಂತ ಉದ್ದ. ಅವನ ಚೀಲದಿಂದ ನಾಲ್ಕು ಅಂಗಿ, ಕನ್ನಡಿ, ತಲೆಯೆಣ್ಣೆಯ ಬಾಟಲಿ, ಒಂದು ಪಿಂಗಾಣಿ ಭರಣಿ ತುಂಬ ಮಾವಿನ ಉಪ್ಪಿನಕಾಯಿ ಹೊರಬಂದವು.

“ಗುಡ್ಡಕ್ಕ ಹೊಂಟೀಯೋ, ಬೀಗರ ಮನಿಗೋ?” ಎಂದ ಅಣ್ಣ.

“ಎಲ್ಲಾ ಬೇಕಾಗ್ತಾವ್ರೀ ಕಾಕಾ.”

“ಹೌದಾ? ಹಂಗಾರ ಬೆನ್ನಿಗೆ ಹಾಕ್ಕೋ. ಕ್ವಾಟಿ ಸುತ್ತ ಒಂದು ಸುತ್ತು ಹಾಕ್ಕೊಂಡು ಬಾ. ನಾ ಇಲ್ಲೇ ಕುಂತಿರ್ತೀನಿ.”

ಹುಡುಗ ಎದೆಯುಬ್ಬಿಸಿ ಹೋದ. ಬಂದಾಗ ಭರಣಿ ಇರಲಿಲ್ಲ, ಎದೆಯೂ ಇರಲಿಲ್ಲ. ಕಂದಕದ ಅರ್ಧ ಸುತ್ತಿಗೇ ಭರಣಿಯನ್ನು ಒಬ್ಬ ಟಾಂಗಾದವನಿಗೆ ದಾನ ಮಾಡಿ ಬಂದಿದ್ದ. ಮರುದಿನದಿಂದ ಆ ಟಾಂಗಾದವನು ಓಣಿಯಲ್ಲಿ ಕಂಡಲ್ಲೆಲ್ಲ ಲಗಾಮು ಎಳೆದು, “ಸಲಾಂ ಅಚಾರ್‌ವಾಲೇ ಸಾಬ್” ಎನ್ನತೊಡಗಿದ. ಮುಖಂಡ ಹಾದಿ ಬದಲಿಸಿ ಓಡಾಡಿದ.

ಎರಡನೆಯದು ಪಾದ. ಹೊಸ ಚಪ್ಪಲಿ ಹಾಕಿಕೊಂಡು ಗುಡ್ಡಕ್ಕೆ ಹೋಗುವವನು ಕಾಲಿನ ವೈರಿ ಎಂದು ಅಣ್ಣನ ಮತ. ಹದಿನಾಲ್ಕು ಜೊತೆ ಚಪ್ಪಲಿಗಳಿಗೆ ಔಡಲೆಣ್ಣೆ ಸವರಿಸಿ ತನ್ನ ಹೆಂಡತಿಯ, ಅಂದರೆ ನಮ್ಮ ವೈನಿಯ, ತುಳಸಿಕಟ್ಟೆಯ ಸುತ್ತ ಒಣಗಲು ಇಡಿಸಿದ. ವೈನಿ ದೀಪ ಹಚ್ಚಲು ಬಂದು ನೋಡಿ, “ತುಳಸವ್ವಗ ಇಂಥಾ ಆರತಿ ನೋಡಿದ್ದೇ ಇಲ್ಲ” ಎಂದು ಒಳಗೆ ಹೋದಳು. ರೊಟ್ಟಿಯ ಪರೀಕ್ಷೆ ಇನ್ನೂ ಭಯಂಕರ. ನಾನು ಬಡಿದ ಕಟಕ ರೊಟ್ಟಿಗಳನ್ನು ಗಂಟು ಕಟ್ಟಿಸಿ, ಅದರ ಮೇಲೆ ಕುಳಿತು ನೋಡಿದ. “ಮುರೀಲಿ, ಚಿಂತಿಲ್ಲ. ಮೆತ್ತಗಿದ್ರ ಮೂರನೇ ದಿನಕ್ಕ ಬೂಷ್ಟು ಹಿಡೀತಾದ, ತಂಗೀ.” ಇನ್ನೂರು ರೊಟ್ಟಿ ಪಾಸಾದವು. ಉಳಿದ ಎಂಟನ್ನು ಅವತ್ತೇ ನಾವೇ ತಿಂದೆವು.

ಮೂರನೆಯ ಸಲಹೆಗೆ ಗದ್ದಲವಾಯಿತು. ನನ್ನ ಮಗ ನಡೆಯುವುದು ನಿಧಾನ. ತಾಯಿಯ ಕಾಲು, ಏನು ಮಾಡುವುದು? ಮುಖಂಡ ನನ್ನೆದುರಿಗೇ ಹೇಳಿದ: “ಕಾಕಾ, ತಪ್ಪು ತಿಳೀಬ್ಯಾಡ್ರಿ. ಇಂವನ್ನ ಕರ್ಕೊಂಡು ಹೋದ್ರ ಆರು ದಿನದ್ದು ಎಂಟು ದಿನ ಆಗ್ತಾದ. ಇಂವ ಕಮಲಾಪುರದಾಗ ಅವ್ವನ ಮನ್ಯಾಗ ಉಳೀಲಿ. ನಾವು ಗುಡ್ಡ ಮುಗಿಸ್ಕೊಂಡು ಬರ್ತೀವಿ.”

ಮಗ ನೆಲ ನೋಡಿದ. ಹದಿನಾರು ವರ್ಷದ ಹುಡುಗ. ಎರಡು ತಿಂಗಳಿಂದ ಅದೇ ಕನಸು. 

ಅಣ್ಣ ಎದ್ದು ನಿಂತ. “ಅಂವ ಹೋಗಂಗಿಲ್ಲಂದ್ರ ನೀವು ಯಾರೂ ಹೋಗಂಗಿಲ್ಲ. ಅಂವ ಬರೀ ಹೋಗೋದಲ್ಲ, ಎಲ್ಲಾರ ಮುಂದ ನಡೀತಾನ. ನಿಧಾನದಾಂವ ಮುಂದ, ಜೋರಿನಾಂವ ಹಿಂದ. ಅಂದ್ರ ನೀ ಕಟ್ಟಕಡೀಗಿ.”

“ಮುಖಂಡ ಹಿಂದ ಇರೋದು ಎಲ್ಲರೆ ಉಂಟೇನ್ರೀ?”

“ದನ ಕಾಯಾಂವ ಎಲ್ಲಿರ್ತಾನಪ್ಪಾ?”

ಹುಡುಗರು ನಕ್ಕುಬಿಟ್ಟರು. ಮುಖಂಡನೂ ನಗಬೇಕಾಯಿತು. ಮಗ ತಲೆ ಎತ್ತಿದ.

ಕೊನೆಯ ಸಲಹೆ ಹೆಸರು ಕರೆಯುವುದು. ನೂರು ಹೆಜ್ಜೆಗೊಮ್ಮೆ ಪ್ರತಿಯೊಬ್ಬನೂ ತನ್ನ ಮುಂದಿನವನ ಹೆಸರನ್ನು ಗುಡ್ಡ ಕೇಳುವಂತೆ ಕೂಗಬೇಕು. ಎಲ್ಲರಿಗಿಂತ ಮುಂದಿರುವವನು ಎಲ್ಲರಿಗಿಂತ ಹಿಂದಿನವನನ್ನು ಕೂಗಬೇಕು. ಮಾಲೆಯಲ್ಲಿ ಒಂದು ದನಿ ಕಡಿಮೆಯಾದರೆ ಎಲ್ಲರೂ ನಿಲ್ಲಬೇಕು. ಇದನ್ನು ಅಂಗಳದಲ್ಲಿ ಮಾಡಿ ತೋರಿಸಲು ಅಣ್ಣ ತನ್ನ ಹಿಂದೆ ವೈನಿಯನ್ನೇ ನಿಲ್ಲಿಸಿದ.

“ಹೂಂ, ಕರಿ ನನ್ನ ಹೆಸರು.”

ಮುತ್ತೈದೆ ಗಂಡನ ಹೆಸರನ್ನು ಹಾಗೆಯೇ ಹೇಳುವುದುಂಟೆ? ವೈನಿ ಸೆರಗು ಸರಿಮಾಡಿಕೊಂಡು, ಮದುವೆಯಲ್ಲಿ ಹೇಳುವಂತೆ, ಹೆಸರನ್ನು ಕಟ್ಟಕಡೆಗೆ ತರುವ ಒಡಪು ಶುರುಮಾಡಿದಳು: “ಕ್ವಾಟಿ ಮ್ಯಾಲ ತೋಪು, ತೋಪಿನ ಮ್ಯಾಲ ಪಾರಿವಾಳ, ಪಾರಿವಾಳದ ಕೊಳ್ಳಾಗ ಮುತ್ತಿನ ಹಾರ, ಹಾರದಾಗ…”

“ನಿನ್ನ ಹಾರ ಮುಗಿಯೋದ್ರಾಗ ನಾ ಹುಮನಾಬಾದ ದಾಟಿರ್ತೀನಿ” ಎಂದ ಅಣ್ಣ.

“ದಾಟ್ರಿ. ಸಂಜಿ ಊಟಕ್ಕ ತಿರುಗಿ ಬರೋರೇ ಅದೀರಿ” ಎಂದಳು ವೈನಿ.

ಹುಡುಗರು ನಡೆದು ಹೊರಟರು. ಅಣ್ಣನಿಗೂ ನನಗೂ ಕಮಲಾಪುರದ ಬಸ್ಸು. “ನಾ ಜೋಡಿ ಹೋದ್ರ ಅವರು ಕಲಿಯಂಗಿಲ್ಲ” ಎಂದು ಅಣ್ಣನ ಸಮಜಾಯಿಷಿ. ಬಸ್ಸಿನಲ್ಲಾದರೂ ಸುಮ್ಮನೆ ಕುಳಿತನೆ? ಹೊರಡುವಾಗಲೇ ಮಂದಿಯನ್ನು ಎಣಿಸಿದ್ದ. ನಡುವೆ ಒಂದು ಕಡೆ ನಿಂತು ಹೊರಟಾಗ, “ನಿಂದರ್ಸ್ರಿ, ಒಬ್ಬಾಂವ ಕಮ್ಮಿ ಆಗ್ಯಾನ” ಎಂದು ಎದ್ದು ನಿಂತ. ಕೆಂಪು ರುಮಾಲಿನವನು ಇಲ್ಲ, ಅವನು ಬರುವ ತನಕ ಬಸ್ಸು ಹೊರಡಬಾರದು. ಕಂಡಕ್ಟರ್ ಕೈಮುಗಿದು, “ಚಾಚಾ, ಆ ಮನಷ್ಯಾಂದು ಊರೇ ಅದು. ಮನೀಗಿ ಹೋದ” ಎಂದ. ಅಣ್ಣ ಕುಳಿತ. ಆದರೂ ಆ ಮನುಷ್ಯ ಮನೆಯ ಬಾಗಿಲು ಸೇರುವವರೆಗೂ ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಲೇ ಇದ್ದ.

ಮಂದಿ ಅವನನ್ನು ನೋಡಿ ನಗುತ್ತಾರೆ. ನಾನೂ ನಗುತ್ತೇನೆ. ಮದುವೆಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಒಬ್ಬೊಬ್ಬರ ತಲೆ ಎಣಿಸಿಯೇ ತಾನು ಮಲಗುತ್ತಾನೆ. ಎಲ್ಲರಿಗಿಂತ ಮೊದಲು ಅವನು ನಿದ್ದೆ ಹೋದದ್ದನ್ನು ನಾವು ಎಷ್ಟೋ ವರ್ಷಗಳಿಂದ ಕಂಡಿಲ್ಲ. ಆದರೆ ಅವನು ಹೀಗೇಕೆ ಎಣಿಸುತ್ತಾನೆಂದು ಮಂದಿಗೆ ತಿಳಿಯದು. ಕಾರಣ ನನಗೆ ಗೊತ್ತು.

ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ರಜಾಕಾರರ ಗದ್ದಲದಲ್ಲಿ ನಮ್ಮ ಮನೆಯವರೆಲ್ಲ ರಾತ್ರೋರಾತ್ರಿ ಕಮಲಾಪುರ ಬಿಟ್ಟು, ಗಡಿ ದಾಟಿ ಸೊಲ್ಲಾಪುರದ ಕಡೆ ಹೊರಟೆವು. ಸಡಕು ಬಿಟ್ಟು ಗುಡ್ಡದ ಕಾಲುದಾರಿ. ಹಾದಿ ತೋರಿಸಲು ಅಣ್ಣ ಎಲ್ಲರಿಗಿಂತ ಮುಂದೆ; ಅವನ ಹಿಂದೆ ಮಾವನವರು, ಅತ್ತೆ, ಭಾವ, ನೆಗೆಣ್ಣಿ, ಮೂರು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತ ನಮ್ಮ ಮನೆಯವರು. ಕಟ್ಟಕಡೆಗೆ ನಾನು. ಕಿರಿಯ ಸೊಸೆಯ ಜಾಗ ಅದೇ ತಾನೆ? ಒಂದು ಇಳಿಜಾರಿನಲ್ಲಿ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಕುಳಿತು ಸರಿಮಾಡಿಕೊಳ್ಳುವುದರೊಳಗೆ ಎಲ್ಲರೂ ತಿರುವು ದಾಟಿದ್ದರು.

ಕೂಗಬಹುದಿತ್ತು. ಆದರೆ ಯಾರನ್ನು? ಗಂಡನ ಹೆಸರು ಹೇಳುವಂತಿಲ್ಲ. ಮಗನಿಗೆ ಇಟ್ಟದ್ದು ಮಾವನವರ ಹೆಸರು, ಅದನ್ನೂ ಹೇಳುವಂತಿಲ್ಲ. ಮನೆಯಲ್ಲಿ ನಾನು ಅವನನ್ನು ‘ತಮ್ಮಾ’ ಎಂದೇ ಕರೆಯುವುದು. ಉಳಿದವನು ಅಣ್ಣ. ಮಾವನವರ ಮುಂದೆ ಸೊಸೆ ದನಿ ಎತ್ತಬಾರದೆಂದು, ಇನ್ನಷ್ಟು ಮಜ್ಜಿಗೆ ಹಾಕಲೇ ಎಂದು ಕೇಳುವ ದನಿಯಲ್ಲಿ “ಅಣ್ಣಾ” ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

ಹಳ್ಳದ ಹತ್ತಿರ ಅಣ್ಣ ತಲೆ ಎಣಿಸಿದನಂತೆ. ಭಾವ ಹೊತ್ತಿದ್ದ ಕಂಬಳಿಯ ಗಂಟನ್ನು ಮಬ್ಬಿನಲ್ಲಿ ನಾನೆಂದು ಎಣಿಸಿಬಿಟ್ಟ. ಅಳೆಯುವುದನ್ನೇ ಬಾಳೆಲ್ಲ ಮಾಡಿದವನು ತಪ್ಪಿದ್ದು ಅದೊಂದೇ ಸಲ. ಬೆಳಕು ಹರಿದ ಮೇಲೆ ಗಂಟು ಗಂಟಾಗಿಯೇ ಕಂಡಿತು. ಹೊತ್ತು ನೆತ್ತಿಗೆ ಬಂದಾಗ ಅವನು ಓಡುತ್ತ ತಿರುಗಿ ಬಂದ. ನಾನು ಬೇವಿನ ಮರದ ಕೆಳಗೆ ಅಲ್ಲೇ ಕುಳಿತಿದ್ದೆ. ಅಣ್ಣ ತನ್ನ ಧೋತರದ ಅಂಚು ಹರಿದು ಚಪ್ಪಲಿ ಕಟ್ಟಿಕೊಟ್ಟು, “ನೀ ಮುಂದ ನಡಿ” ಎಂದ. ಮನೆಯವರನ್ನು ಕೂಡಿಕೊಂಡ ಮೇಲೆ ಗಡಿಯವರೆಗೆ ನಾನೇ ಎಲ್ಲರಿಗಿಂತ ಮುಂದೆ ನಡೆದೆ. ಮಾವನವರು ಒಮ್ಮೆ ಕೆಮ್ಮಿದರು. ಆಮೇಲೆ ಸುಮ್ಮನೆ ಹಿಂದೆ ಬಂದರು.

ಇವತ್ತು ಬಿಸಿಲು ಇಳಿಯುವಾಗ ಅಣ್ಣ ಹನ್ನೆರಡನೆಯ ಸಲ ಮಾಳಿಗೆ ಹತ್ತಿದವನು, “ಬಂದ್ರು!” ಎಂದ. ನಾನೂ ಹಿಟ್ಟಿನ ಕೈಯಲ್ಲೇ ಹತ್ತಿದೆ. ಗಿಡಗಳ ಮರೆಯಲ್ಲಿ ಯಾರೂ ಕಾಣುತ್ತಿರಲಿಲ್ಲ. ದನಿಗಳು ಮಾತ್ರ ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ಎರಡನೆಯವನು ನನ್ನ ಮಗನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದ. ಕೆಳಗೆ ಕಟ್ಟೆಯ ಮೇಲೆ ಕುಳಿತಿದ್ದ ಮಾವನವರು ಬೆಚ್ಚಿಬಿದ್ದು, “ಯಾವಾಂವಲೇ ನನ್ನ ಹೆಸರು ಹಿಡಿದು ಒದರಾಂವ?” ಎಂದರು.

ಆದರೆ ಮಾಲೆ ಅಲ್ಲಿಗೇ ನಿಂತಿತು. ಕಟ್ಟಕಡೆಯ ಮುಖಂಡನ ಹೆಸರನ್ನು ಕೂಗಬೇಕಾದವನು ಎಲ್ಲರಿಗಿಂತ ಮುಂದಿರುವ ನನ್ನ ಮಗ. ಅವನ ದನಿ ಬರಲಿಲ್ಲ. ಅಣ್ಣನ ತುಟಿಗಳು ಅಲುಗಿದವು. “ಹದಿಮೂರು” ಎಂದ. ಅವನ ಮುಖ ನೋಡಿದೆ. ಬೇವಿನ ಮರದ ಕೆಳಗೆ ಕಂಡ ಅದೇ ಮುಖ. ಹುಡುಗರು ಹೋದಾಗಿನಿಂದ ಮಾಳಿಗೆಯ ಮೇಲೆ ನಿಂತು ಒದರಿ ಒದರಿ ಅಣ್ಣನ ಗಂಟಲು ಕಟ್ಟಿತ್ತು.

“ನೀ ಕರಿ, ತಂಗೀ” ಎಂದ, ಉಸಿರಿನಲ್ಲೇ.

ಕೆಳಗೆ ಮಾವನವರು ಕುಳಿತಿದ್ದರು. ನಾನು ಮಾಳಿಗೆಯ ಅಂಚಿಗೆ ಹೋಗಿ, ಹದಿನಾರು ವರ್ಷ ಬಾಯಿಗೆ ತರದ ಹೆಸರನ್ನು ಊರಿಗೆ ಊರೇ ಕೇಳುವಂತೆ ಕೂಗಿದೆ.

“ಸಿದ್ರಾಮಾ…!”

ಗುಡ್ಡ ಒಮ್ಮೆ ಅದನ್ನೇ ತಿರುಗಿ ಹೇಳಿತು. ಆಮೇಲೆ ಬಾಯಿ ತುಂಬಿದ ಒಂದು ದನಿ: “ಬಂದ್ನೆವ್ವಾ! ಬಾಯಾಗ ಸೀತಾಫಲ ಇತ್ತು!”

ಅಣ್ಣ ಮಾಳಿಗೆಯ ಮೇಲೆಯೇ ಕುಸಿದು ಕುಳಿತು ನಗತೊಡಗಿದ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ನಾನು ತಲೆಯ ಮೇಲೆ ಸೆರಗೆಳೆದುಕೊಂಡು ಅಳುಕುತ್ತ ಇಳಿದು ಬಂದೆ. ಮಾವನವರು ನನ್ನ ಕಡೆ ನೋಡದೆ, ಎಮ್ಮೆಗೆ ಹೇಳುವಂತೆ ಹೇಳಿದರು: “ನಮ್ಮ ಸೊಸಿ ದನಿ ಛಲೋ ಅದ. ಅವತ್ತೇ ಒದರಬೇಕಿತ್ತು.”

ಹದಿನಾಲ್ಕು ಮಂದಿ ಅಂಗಳಕ್ಕೆ ಬಂದರು, ನನ್ನ ಮಗ ಮುಂದೆ, ಮುಖಂಡ ಕಟ್ಟಕಡೆಗೆ. “ಆರೇ ದಿನ ಹಿಡೀತು. ತಲಿ ಎಣಿಸ್ಕೊಳ್ರಿ ಕಾಕಾ” ಎಂದ ಮುಖಂಡ. ಅಣ್ಣ ಕೈಯಾಡಿಸಿ, “ಬ್ಯಾಡ ಬಿಡಪಾ, ಕೈಕಾಲು ತೊಳ್ಕೋರಿ” ಎಂದ.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮಜ್ಜಿಗೆ, ಕೊನೆಗೆ ತಲೆಗೊಂದು ನಮ್ಮೂರ ಕೆಂಪು ಬಾಳೆಹಣ್ಣು. ಹುಡುಗರು ಇನ್ನೂ ಗುಡ್ಡದ ಸುದ್ದಿ ಹೇಳುತ್ತಿದ್ದರು. ನಾನು ಮುಸುರೆ ಪಾತ್ರೆ ಎತ್ತಿ ಪಡಸಾಲೆಗೆ ಬಂದು ನೋಡಿದರೆ, ಯಾರ ಹಾಸಿಗೆಯೂ ಹಾಸಿರಲಿಲ್ಲ. ಅಣ್ಣ ಬರೀ ಚಾಪೆಯ ಮೇಲೆ, ಸುಲಿದ ಅರ್ಧ ಬಾಳೆಹಣ್ಣು ಕೈಯಲ್ಲೇ ಹಿಡಿದು, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದ.