ರೆಫರಿಯ ಬೆನ್ನ ಹಿಂದೆ ನಡೆಯದ ಸಂಗತಿಗಳು

ಟೆಲಿವಿಷನ್ ಕುಸ್ತಿಯಲ್ಲಿ ರೆಫರಿಯ ಅತಿ ಮುಖ್ಯವಾದ ಅಂಗ ಆತನ ಬೆನ್ನು. ಪಂದ್ಯದ ನಿರ್ಣಾಯಕ ಘಟನೆಗಳೆಲ್ಲ ಅದರ ಸಮ್ಮುಖದಲ್ಲೇ ನಡೆಯುತ್ತವೆ. ಈ ಸಂಗತಿಯನ್ನು ಗುರುತಿಸಿ, ಖಂಡಿಸಿ, ಚಾನೆಲ್ಲಿಗೆ ಪ್ರತಿವಾರವೂ ಬರೆದು ತಿಳಿಸುತ್ತಿದ್ದವರು ಕಟ್ಟಡ ಸುರಕ್ಷತಾ ಕಚೇರಿಯ ತಪಾಸಕರು. ಕಚೇರಿಯಲ್ಲಿ ಅವರನ್ನು ರೂಲ್ ಸಾಹೇಬರು ಎಂದು ಕರೆಯುತ್ತಿದ್ದರು, ಎದುರಿಗೂ, ಮರೆಯಲ್ಲೂ. ಎರಡೂ ಕಡೆ ಒಂದೇ ಹೆಸರಿದ್ದ ನೌಕರ ಅಲ್ಲಿ ಅವರೊಬ್ಬರೇ.

ಕಾರ್ಯಕ್ರಮದ ಹೆಸರು ‘ಶುಕ್ರವಾರದ ಕಾಳಗ’. ಅದರಲ್ಲಿ ಕಬ್ಬಿಣದ ಮಾವ ಎಂಬ ಭಾರೀ ಗಾತ್ರದ ದುಷ್ಟನೂ, ಬೆಂಕಿ ಅಳಿಯ ಎಂಬ ತೆಳ್ಳಗಿನ ಸಜ್ಜನನೂ ಬಹಳ ಕಾಲದಿಂದ ಹೊಡೆದಾಡುತ್ತಿದ್ದರು. ಅಳಿಯ ಗೆಲ್ಲುವ ಹೊತ್ತಿಗೆ ಸರಿಯಾಗಿ ಮಾವನ ವಕೀಲ ಕರಿ ಕೋಟು ತೊಟ್ಟು ರಿಂಗಿನ ಹಗ್ಗ ಹಿಡಿದು ಮೇಲೆ ಹತ್ತಿ “ಆಕ್ಷೇಪಣೆ!” ಎನ್ನುತ್ತಿದ್ದ. ರೆಫರಿ ಅವನ ಕಡೆ ತಿರುಗಿ ಸಮಾಧಾನ ಹೇಳುತ್ತಿದ್ದ. ಆಗ ಮಾವ ಮಡಚುವ ಕುರ್ಚಿಯಿಂದ ಅಳಿಯನ ನೆತ್ತಿಗೆ ಬಾರಿಸುತ್ತಿದ್ದ. ರೆಫರಿ ಇತ್ತ ತಿರುಗಿದಾಗ ಅಳಿಯ ಮಲಗಿರುತ್ತಿದ್ದ, ಮಾವ ದೇವರಂತೆ ಕೈಮುಗಿದು ನಿಂತಿರುತ್ತಿದ್ದ. ಮಲಗಿದವನನ್ನು ಎಣಿಸುವುದು ರೆಫರಿಯ ಕರ್ತವ್ಯವಾದ್ದರಿಂದ ಆತ ಎಣಿಸುತ್ತಿದ್ದ.

ಶನಿವಾರ ಬೆಳಿಗ್ಗೆ ಕಚೇರಿಯಲ್ಲಿ ರೂಲ್ ಸಾಹೇಬರ ಅಭಿಪ್ರಾಯ ಮಂಡನೆ ನಡೆಯುತ್ತಿತ್ತು. ಇದಕ್ಕೆ ಹಾಜರಾತಿ ಕಡ್ಡಾಯವಿರಲಿಲ್ಲ, ಆದರೆ ಆ ಹೊತ್ತಿಗೆ ಬೇರೆ ಕೆಲಸವೂ ಇರುತ್ತಿರಲಿಲ್ಲ.

“ಮೊದಲನೇ ಪ್ರಶ್ನೆ. ಆ ಕುರ್ಚಿ ಅಲ್ಲಿ ಯಾಕಿದೆ? ಕೂರೋದಕ್ಕೆ ಒಬ್ಬನೂ ಇಲ್ಲ. ದಾರಿಗೆ ಅಡ್ಡ ಇಟ್ಟ ಪೀಠೋಪಕರಣ. ನಮ್ಮ ನಿಯಮದ ಪ್ರಕಾರ ಅದೇ ಒಂದು ಅಪರಾಧ” ಎನ್ನುತ್ತಿದ್ದರು. “ಎರಡನೇದು, ಈ ಮಾವ ಈಗಾಗಲೇ ಎಷ್ಟು ಸಲ ನಿವೃತ್ತಿ ಘೋಷಿಸಿದಾನೆ! ಹಾರ ಹಾಕಿಸ್ಕೊಂಡು, ಅತ್ತು, ಮುಂದಿನ ವಾರ ಮತ್ತೆ ಬರ್ತಾನೆ.”

“ನಮ್ಮ ದೊಡ್ಡ ಸಾಹೇಬ್ರ ಥರ” ಎಂದಳು ಟೈಪಿಸ್ಟ್, ಕೀಲಿಮಣೆಯಿಂದ ಕಣ್ಣೆತ್ತದೆ. ಮೇಲಧಿಕಾರಿಗಳು ಸೇವಾವಧಿ ವಿಸ್ತರಣೆಯ ಮೇಲೆ ವಿಸ್ತರಣೆ ಪಡೆದು ಕೂತಿದ್ದುದನ್ನು ಎಲ್ಲರೂ ಬಲ್ಲರು.

“ವಿಷಯಾಂತರ ಬೇಡಮ್ಮ. ಮುಖ್ಯವಾದದ್ದು ರೆಫರಿ. ಇಡೀ ಸಭಾಂಗಣ ‘ಹಿಂದೆ ನೋಡು, ಹಿಂದೆ ನೋಡು’ ಅಂತ ಬಾಯಿ ಬಡ್ಕೊಳ್ತಿದೆ. ಒಂದು ಸಲ ಕತ್ತು ತಿರುಗಿಸೋಕೆ ಏನು ರೋಗ ಅವನಿಗೆ?”

“ಸಾರ್, ಅದೆಲ್ಲಾ ಮೊದಲೇ ಮಾತಾಡ್ಕೊಂಡಿರ್ತಾರೆ. ಯಾರು ಗೆಲ್ಬೇಕು ಅಂತ ಮೊದಲೇ ನಿಗದಿ.”

“ನಮ್ಮ ಟೆಂಡರುಗಳೂ ಹಾಗೇ ಅಲ್ವೇನಮ್ಮ? ಹಾಗಂತ ಲಕೋಟೆ ತೆರೆಯೋವಾಗ ನಾವು ಯಾವತ್ತಾದ್ರೂ ಕ್ರಮ ತಪ್ಪಿದ್ದೀವಾ?”

ಟೈಪಿಸ್ಟ್ ಮತ್ತೆ ಟೈಪ್ ಮಾಡತೊಡಗಿದಳು.

ಹೀಗಿರುವಾಗ ‘ಶುಕ್ರವಾರದ ಕಾಳಗ’ ಊರಿನ ಒಳಾಂಗಣ ಕ್ರೀಡಾಂಗಣದಿಂದಲೇ ನೇರ ಪ್ರಸಾರವಾಗಲಿದೆ ಎಂಬ ಘೋಷಣೆ ಹೊರಬಿತ್ತು. ಕ್ರೀಡಾಂಗಣಕ್ಕೆ ಸುರಕ್ಷತಾ ಪ್ರಮಾಣಪತ್ರ ಬೇಕಿತ್ತು. ಪ್ರಮಾಣಪತ್ರಕ್ಕೆ ತಪಾಸಣೆ ಬೇಕಿತ್ತು. ತಪಾಸಣೆಗೆ ರೂಲ್ ಸಾಹೇಬರು ಬೇಕೇ ಬೇಕಾಗಿರಲಿಲ್ಲ, ಆದರೆ ಬೇರೆ ತಪಾಸಕರು ಯಾರೂ ಇರಲಿಲ್ಲ. ಕ್ರೀಡಾಂಗಣದ ಗುತ್ತಿಗೆದಾರ ಮೇಲಧಿಕಾರಿಗಳ ಷಡ್ಡಕನೆಂಬ ಅಂಶ ಈ ವರದಿಗೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಅದನ್ನು ಇಲ್ಲಿ ಒಮ್ಮೆ ಮಾತ್ರ ಹೇಳಲಾಗಿದೆ.

ಇಲ್ಲಿ ಎರಡು ನಿಯಮಗಳನ್ನು ಓದುಗರ ಗಮನಕ್ಕೆ ತರಬೇಕು. ಒಂದು: ತಪಾಸಕರು ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ವರದಿಯಲ್ಲಿ ನಮೂದಿಸತಕ್ಕದ್ದು. ಎರಡು: ತಪಾಸಣೆಯ ವೇಳೆ ಯಾರಾದರೂ ಆಕ್ಷೇಪಣೆ ಎತ್ತಿದಲ್ಲಿ, ಅವರ ಕಡೆ ಮುಖಮಾಡಿ, ಸೌಜನ್ಯದಿಂದ, ಪೂರ್ಣ ಉತ್ತರ ನೀಡತಕ್ಕದ್ದು. ಎರಡನ್ನೂ ಹಟ ಹಿಡಿದು ಜಾರಿಗೆ ತಂದವರು ರೂಲ್ ಸಾಹೇಬರೇ. ಅದಕ್ಕೂ ಮುಂಚೆ ತಪಾಸಕರು ಕ್ಯಾಂಟೀನಿನಲ್ಲಿ ಕೂತು, ಸೇತುವೆಗಳ ಬಗ್ಗೆ ಕೇಳಿದ್ದನ್ನು ಬರೆಯುತ್ತಿದ್ದರು. ನಾಗರಿಕರು ಪ್ರಶ್ನೆ ಕೇಳಿದರೆ ಬೆನ್ನು ತೋರಿಸುತ್ತಿದ್ದರು.

ತಪಾಸಣೆಯ ದಿನ ಅವರು ಕ್ರೀಡಾಂಗಣದ ಒಂದೊಂದು ಬಾಗಿಲನ್ನೂ ತಾವೇ ತೆರೆದು ಮುಚ್ಚಿದರು. ಕೊನೆಗೆ ಪೂರ್ವದ ಗ್ಯಾಲರಿಯ ಕೆಳಗೆ ಬಂದರು. ಗ್ಯಾಲರಿಯನ್ನು ಹೊತ್ತ ನಡುಗಂಬದ ಮೇಲೆ ಕೈಯಿಟ್ಟರು. ಟಾರ್ಚ್ ಹೊತ್ತಿಸಲು ಇನ್ನೊಂದು ಕೈಯನ್ನು ಜೇಬಿಗೆ ಹಾಕಿದರು.

“ಸಾರ್, ಆಕ್ಷೇಪಣೆ!”

ಹಿಂದೆ ಕ್ರೀಡಾಂಗಣದ ಮ್ಯಾನೇಜರ್ ನಿಂತಿದ್ದ. ರೂಲ್ ಸಾಹೇಬರು ನಿಯಮಾನುಸಾರ ಅವನತ್ತ ಮುಖಮಾಡಿದರು. ಕೈ ಮಾತ್ರ ಕಂಬದ ಮೇಲೇ ಇತ್ತು.

“ಏನ್ರೀ ನಿಮ್ಮ ಆಕ್ಷೇಪಣೆ?”

“ಈ ಟಾರ್ಚ್ ಬೆಳಕು ಕಂಬಕ್ಕೆ ಹಾನಿ ಮಾಡಲ್ವಾ ಸಾರ್?”

ರೂಲ್ ಸಾಹೇಬರು ಬೆಳಕಿನ ಗುಣಗಳನ್ನೂ ಕಾಂಕ್ರೀಟಿನ ಗುಣಗಳನ್ನೂ ವಿವರಿಸಿದರು. ಮ್ಯಾನೇಜರ್ ತಲೆದೂಗುತ್ತ ಉಪಪ್ರಶ್ನೆಗಳನ್ನು ಕೇಳಿದ. ಅಷ್ಟರಲ್ಲಿ ಅವರ ಬೆರಳುಗಳು ಕಂಬದಲ್ಲೊಂದು ಸಂದನ್ನು ಕಂಡುಕೊಂಡಿದ್ದವು. ಉಗುರು ಒಳಹೋಯಿತು, ಆಮೇಲೆ ಮೊದಲ ಗೆಣ್ಣೂ ಹೋಯಿತು. ರೂಲ್ ಸಾಹೇಬರ ಮುಖ ಬಿಳಿಚಿಕೊಂಡಿತು, ಆದರೆ ಉತ್ತರ ಪೂರ್ಣವಾಗಿರಲಿಲ್ಲ. ಹಿಂದಿನಿಂದ ಯಾರೋ “ಸ್ವಲ್ಪ ಕೈ ತೆಗೀರಿ ಸಾರ್, ಅಂಟು ಹತ್ತುತ್ತೆ” ಎಂದರು. ಉತ್ತರ ಮುಗಿಸಿ ತಿರುಗಿದಾಗ ಕಂಬದ ಸುತ್ತ ಕಬ್ಬಿಣದ ಮಾವನ ಆಳೆತ್ತರದ ಪೋಸ್ಟರ್ ಅಂಟಿತ್ತು. ಮಾವ ಕೈಮುಗಿದು ನಗುತ್ತಿದ್ದ.

ಪೋಸ್ಟರ್ ತೆಗೆಯುವ ಅಧಿಕಾರ ಜಾಹೀರಾತು ವಿಭಾಗದ್ದು. ಅನುಮತಿ ಕೋರಿ ಬರೆದದ್ದಕ್ಕೆ, ಪೋಸ್ಟರಿನ ಅವಧಿ ಕಾರ್ಯಕ್ರಮದ ಮರುದಿನ ಮುಗಿಯಲಿದ್ದು ಅಂದು ತೆಗೆಯಲು ಯಾವ ಅಭ್ಯಂತರವೂ ಇಲ್ಲವೆಂಬ ಉತ್ತರ ಬಂತು.

ಮೇಲಧಿಕಾರಿಗಳು ರೂಲ್ ಸಾಹೇಬರನ್ನು ಕೋಣೆಗೆ ಕರೆಸಿ, ಎದುರು ಕೂರಿಸಿ, ಫ್ಯಾನನ್ನು ಅವರ ಕಡೆಗೇ ತಿರುಗಿಸಿದರು.

“ಬಿರುಕು ನೋಡಿದ್ರಾ?”

“ಮುಟ್ಟಿದೆ ಸಾರ್. ಬೆರಳು ಹೋಯ್ತು.”

“ನಾನು ಕೇಳಿದ್ದು ನೋಡಿದ್ರಾ ಅಂತ.”

“ಇಲ್ಲ ಸಾರ್.”

“ರೂಲ್ ಏನು ಹೇಳುತ್ತೆ? ಕಣ್ಣಾರೆ ಅನ್ನುತ್ತೋ, ಬೆರಳಾರೆ ಅನ್ನುತ್ತೋ?”

“ಕಣ್ಣಾರೆ, ಸಾರ್.”

“ಅದು ನಿಮ್ಮದೇ ರೂಲು ಕಣ್ರೀ. ನಾವೆಲ್ಲಾ ಬೇಡ ಬೇಡ ಅಂದ್ವಿ. ಈಗ ಬೇಕಾದ್ರೆ ನೀವೇ ಮುರೀರಿ, ನಾನು ಕಣ್ಣು ಮುಚ್ಕೋತೀನಿ.”

ನಿಯಮ ಮುರಿಯುವುದು ರೂಲ್ ಸಾಹೇಬರಿಂದಾಗುವ ಕೆಲಸವಾಗಿರಲಿಲ್ಲ. “ತಪಾಸಣೆಯ ವೇಳೆ ಯಾವುದೇ ಬಿರುಕು ನನ್ನ ಕಣ್ಣಿಗೆ ಬಿದ್ದಿರುವುದಿಲ್ಲ” ಎಂದು ಬರೆದು ಸಹಿ ಹಾಕಿದರು. ಆ ವಾಕ್ಯದಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೂ ಅಂದಿನಿಂದ ಅವರು ಬಲಗೈ ತೋರುಬೆರಳನ್ನು ಹೆಬ್ಬೆರಳಿಂದ ಉಜ್ಜುತ್ತಲೇ ಇದ್ದರು.

ಮನೆಗೆ ಬಂದಾಗ ಅವರ ಶ್ರೀಮತಿಯವರು ಉತ್ತರಪತ್ರಿಕೆ ತಿದ್ದುತ್ತಿದ್ದರು. ಆಕೆ ಶಾಲಾ ಶಿಕ್ಷಕಿ. ಶಾಲೆಯ ಶಿಕ್ಷಕಿಯರಿಗೆಲ್ಲ ಪೂರ್ವದ ಗ್ಯಾಲರಿಯ ಪಾಸ್ ಸಿಕ್ಕಿತ್ತು.

“ನೀನು ಅಲ್ಲಿ ಕೂರಬೇಡ” ಎಂದರು ರೂಲ್ ಸಾಹೇಬರು.

“ಯಾಕ್ರೀ?”

“ಕಂಬ ಸರಿಯಿಲ್ಲ.”

“ಸರಿಯಿಲ್ಲ ಅಂತ ಬರೆದಿದ್ದೀರಾ?”

“ಬರೆಯೋ ಹಾಗಿಲ್ಲ. ನಾನು ನೋಡಿಲ್ಲ.”

ಆಕೆ ಕೆಂಪು ಪೆನ್ನನ್ನು ಕೆಳಗಿಟ್ಟರು. “ನಿಮ್ಮನ್ನ ಕಟ್ಟಿಕೊಂಡ ಮೇಲೆ ಒಂದು ಕಲಿತಿದ್ದೀನಿ. ನೀವು ಸಹಿ ಹಾಕಿದ ಕಟ್ಟಡದೊಳಗೆ ಕಣ್ಣು ಮುಚ್ಕೊಂಡು ಹೋಗಬಹುದು. ಊರಿಗೆಲ್ಲಾ ಅದನ್ನೇ ಹೇಳ್ಕೊಂಡು ಬಂದಿದ್ದೀನಿ. ಈಗ ನಾನೊಬ್ಬಳೇ ಹೊರಗೆ ಕೂತ್ರೆ ಜನ ಏನಂತಾರೆ? ಹೆಂಡ್ತಿಗೊಂದು ವರದಿ, ಊರಿಗೊಂದು ವರದಿ ಅನ್ನಲ್ವಾ?”

ರೂಲ್ ಸಾಹೇಬರು ಮನಸ್ಸಿನಲ್ಲೇ ನಿಯಮಾವಳಿ ತಿರುವಿಹಾಕಿದರು. ಹೆಂಡತಿಯ ವಾದದಲ್ಲಿ ಕ್ರಮಲೋಪ ಸಿಗಲಿಲ್ಲ.

“ಹಾಗಾದ್ರೆ ತುದಿ ಸೀಟಲ್ಲಿ ಕೂತ್ಕೋ” ಎಂದಷ್ಟೇ ಹೇಳಿದರು.

ಶುಕ್ರವಾರ ಬಂತು. ಪ್ರಮಾಣಪತ್ರ ನೀಡಿದ ಅಧಿಕಾರಿ ಕರ್ತವ್ಯದ ಮೇಲೆ ಹಾಜರಿರಬೇಕೆಂಬ ನಿಯಮದಂತೆ ರೂಲ್ ಸಾಹೇಬರಿಗೆ ರಿಂಗಿನ ಪಕ್ಕದ ಮೊದಲ ಸಾಲಿನಲ್ಲಿ ಆಸನ ಸಿಕ್ಕಿತು. ಪೂರ್ವದ ಗ್ಯಾಲರಿ ನೇರ ಅವರ ಬೆನ್ನಿಗಿತ್ತು. ಆರಂಭದಲ್ಲಿ ಅವರು ಆಗಾಗ ಹಿಂತಿರುಗಿ ನೋಡುತ್ತಿದ್ದರು. ತುದಿ ಸೀಟಿನಿಂದ ಶ್ರೀಮತಿಯವರು ಕೈಬೀಸುತ್ತಿದ್ದರು. ಆಮೇಲೆ ಮಾವ ಮತ್ತು ಅಳಿಯನ ಪಂದ್ಯ ಶುರುವಾಯಿತು.

ಪರದೆಯ ಮೇಲೆ ಅಂಗೈಯಗಲವಿದ್ದ ಅನ್ಯಾಯ ಇಲ್ಲಿ ಮೂರು ಮಾರು ದೂರದಲ್ಲಿ, ಬೆವರಿನ ವಾಸನೆ ಸಮೇತ ನಡೆಯುತ್ತಿತ್ತು. ಅಳಿಯ ಮಾವನನ್ನು ಎತ್ತಿ ಕೆಡವಿದ. ವಕೀಲ ಹಗ್ಗ ಹತ್ತಿದ. “ಆಕ್ಷೇಪಣೆ!” ರೆಫರಿ ತಿರುಗಿದ. ಮಾವ ಕುರ್ಚಿ ಎತ್ತಿಕೊಂಡ. ರೂಲ್ ಸಾಹೇಬರು ಎದ್ದು ನಿಂತರು.

ಸರಿಯಾಗಿ ಆಗಲೇ ಹಿಂದಿನಿಂದ ಇಡೀ ಗ್ಯಾಲರಿ ಕೂಗತೊಡಗಿತು. “ಹಿಂದೆ ನೋಡಿ! ಹಿಂದೆ ನೋಡಿ ಸಾರ್!”

ರೂಲ್ ಸಾಹೇಬರಿಗೆ ರೋಮಾಂಚನವಾಯಿತು. ಇಷ್ಟು ಕಾಲ ಒಂಟಿಯಾಗಿ ಬರೆದು ಬರೆದು ಸಾಕಾಗಿದ್ದ ಅಭಿಪ್ರಾಯಕ್ಕೆ ಇಂದು ಸಾರ್ವಜನಿಕ ಬೆಂಬಲ ದೊರೆತಿತ್ತು. ಅವರೂ ಮುಷ್ಟಿ ಬಿಗಿದು “ಹಿಂದೆ ನೋಡಯ್ಯಾ! ಜನ ಅಷ್ಟು ಕೂಗ್ತಿದ್ದಾರೆ, ಕಿವಿ ಇಲ್ವಾ ನಿನಗೆ?” ಎಂದು ರೆಫರಿಗೆ ಗರ್ಜಿಸಿದರು. ಹಿಂದಿನ ಕೂಗು ಜೋರಾಯಿತು. ಅದರಲ್ಲೊಂದು ಹೆಣ್ಣುದನಿ “ಏನ್ರೀ! ಇಲ್ನೋಡ್ರೀ!” ಎಂದಂತಾಯಿತು. ಸಾಹೇಬರು ಮತ್ತಷ್ಟು ಹುರುಪಿನಿಂದ ತಮ್ಮ ಆಸನದ ಮೇಲೆ ಹತ್ತಿ ನಿಂತು ಕೂಗಿದರು. ಗ್ಯಾಲರಿ ಒಂದು ದೀರ್ಘ ನಿಟ್ಟುಸಿರು ಬಿಟ್ಟು, ಕೆಳಗೆ ಪೇರಿಸಿಟ್ಟಿದ್ದ ಕುಸ್ತಿ ಅಭ್ಯಾಸದ ದಪ್ಪ ಹಾಸಿಗೆಗಳ ಮೇಲೆ ಇಳಿದು ಕೂತಿತು. ಅತ್ತ ಕುರ್ಚಿ ಅಳಿಯನ ನೆತ್ತಿಗೆ ಬಿತ್ತು. ಎರಡೂ ಸದ್ದು ಒಂದೇ ಆಗಿ ಕೇಳಿದವು.

“ಏನು ಉತ್ಸಾಹ ವೀಕ್ಷಕರೇ! ಅಭಿಮಾನಿಗಳು ಗ್ಯಾಲರಿ ಸಮೇತ ಹತ್ತಿರ ಬಂದಿದ್ದಾರೆ!” ಎಂದ ವೀಕ್ಷಕ ವಿವರಣೆಗಾರ. ಪಶ್ಚಿಮದ ಗ್ಯಾಲರಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೆಫರಿ ಇತ್ತ ತಿರುಗಿ, ಅಳಿಯ ಮಲಗಿದ್ದನ್ನು ಕಂಡು, ಎಣಿಸಿದ.

ಮರುದಿನದ ಮಂಡನೆಯಲ್ಲಿ ರೂಲ್ ಸಾಹೇಬರು ಎಂದಿಗಿಂತ ಕಟುವಾಗಿದ್ದರು. “ಅಷ್ಟು ಜನ ಒಕ್ಕೊರಲಿಂದ ಕೂಗಿದ್ರೂ ತಿರುಗದವನನ್ನ ಮನುಷ್ಯ ಅಂತಾರಾ?”

“ಸಾರ್, ಅವರು ನಿಮ್ಮನ್ನ ಕೂಗಿದ್ದಂತೆ” ಎಂದಳು ಟೈಪಿಸ್ಟ್ ಮೆಲ್ಲಗೆ.

ತೋರುಬೆರಳನ್ನು ಉಜ್ಜುತ್ತಿದ್ದ ಸಾಹೇಬರ ಹೆಬ್ಬೆರಳು ನಿಂತಿತು. “ಹಾಗಂತ ಯಾರಾದ್ರೂ ಲಿಖಿತವಾಗಿ ಕೊಟ್ಟಿದ್ದಾರಾ?”

ಯಾರೂ ಕೊಟ್ಟಿರಲಿಲ್ಲ. ಬರೆಯುವ ಕೈಗಳಲ್ಲಿ ಕೆಲವು ಬ್ಯಾಂಡೇಜಿನಲ್ಲಿದ್ದವು.

ಮೇಲಧಿಕಾರಿಗಳು ತಮ್ಮದೇ ಅಧ್ಯಕ್ಷತೆಯಲ್ಲಿ ಏಕಸದಸ್ಯ ವಿಚಾರಣಾ ಸಮಿತಿ ರಚಿಸಿದರು. ಸಮಿತಿಯು ಸರ್ವಾನುಮತದಿಂದ ಈ ಪ್ರಕಟಣೆ ಹೊರಡಿಸಿತು:

“ಘಟನೆ ನಡೆಯಿತೆನ್ನಲಾದ ವೇಳೆಯಲ್ಲಿ ಕ್ಯಾಮೆರಾಗಳು ರಿಂಗಿನ ಕಡೆಗಿದ್ದವು. ಕರ್ತವ್ಯನಿರತ ತಪಾಸಕರೂ ರಿಂಗಿನ ಕಡೆಗಿದ್ದರು. ಗ್ಯಾಲರಿಯಲ್ಲಿದ್ದವರ ಹೇಳಿಕೆಗಳನ್ನು ಪರಿಗಣಿಸಲಾಗಿಲ್ಲ; ಬೀಳುತ್ತಿರುವ ವಸ್ತುವಿನೊಳಗೆ ಕೂತವರು ಆ ವಸ್ತುವಿನ ಬಗ್ಗೆ ನಿಷ್ಪಕ್ಷಪಾತವಾಗಿರಲಾರರು. ಆದ್ದರಿಂದ ಗ್ಯಾಲರಿಯ ಈಗಿನ ಎತ್ತರವೇ ಅದರ ಮೂಲ ಎತ್ತರವೆಂದು ಈ ಮೂಲಕ ಖಚಿತಪಡಿಸಲಾಗಿದೆ. ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ.”

ಸಾರ್ವಜನಿಕರು ಸಹಕರಿಸಿದರು. ರಿಂಗಿಗೆ ಹತ್ತಿರವೆಂಬ ಕಾರಣಕ್ಕೆ ಪೂರ್ವದ ಗ್ಯಾಲರಿಯ ದರ ಏರಿಸಲಾಯಿತು. ಮುಂದಿನ ಕಾರ್ಯಕ್ರಮದ ಟಿಕೆಟ್‌ಗಳು ಅಲ್ಲಿಯೇ ಮೊದಲು ಖಾಲಿಯಾದವು. ಮೇಲಧಿಕಾರಿಗಳಿಗೆ ಇನ್ನೊಂದು ವಿಸ್ತರಣೆ ದೊರೆಯಿತು. ಪಶ್ಚಿಮದ ಗ್ಯಾಲರಿಯವರು ತಮ್ಮನ್ನು ಕಡೆಗಣಿಸಲಾಗಿದೆಯೆಂದು ಮನವಿ ಸಲ್ಲಿಸಿದ್ದಾರೆ.

ರೂಲ್ ಸಾಹೇಬರ ಶ್ರೀಮತಿಯವರ ಎಡಗಾಲು ಎರಡು ಕಡೆ ಮುರಿದಿತ್ತು. ತುದಿ ಸೀಟು ಗೋಡೆಯ ಪಕ್ಕಕ್ಕಿದ್ದುದರಿಂದ ಹಾಸಿಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಆಕೆ ವಿಶೇಷ ರಜೆ ಕೇಳಿದರು. ಗ್ಯಾಲರಿ ಕುಸಿದದ್ದಕ್ಕೆ ಕಟ್ಟಡ ಸುರಕ್ಷತಾ ಕಚೇರಿಯ ದೃಢೀಕರಣ ತನ್ನಿ ಎಂದರು ಮುಖ್ಯೋಪಾಧ್ಯಾಯಿನಿ. ಅರ್ಜಿ ಕ್ರಮಪ್ರಕಾರ ಎಲ್ಲ ಮೇಜುಗಳನ್ನು ದಾಟಿ ರೂಲ್ ಸಾಹೇಬರ ಮೇಜಿಗೆ ಬಂತು.

ಅವರು ಅದನ್ನು ಮೂರು ದಿನ ಇಟ್ಟುಕೊಂಡರು. ಮೇಜಿನ ಮೇಲೆ ಯಾವ ಕಡತವೂ ಒಂದು ದಿನಕ್ಕಿಂತ ಹೆಚ್ಚು ಇರಬಾರದೆಂಬ ತಮ್ಮದೇ ನಿಯಮವನ್ನು ಅವರು ಮುರಿದದ್ದು ಅದೊಂದೇ ಸಲ. ಕೊನೆಗೆ ಬರೆದರು: “ಸದರಿ ಗ್ಯಾಲರಿಯು ಕುಸಿದದ್ದನ್ನು ನಾನು ಕಣ್ಣಾರೆ ಕಂಡಿರುವುದಿಲ್ಲ. ಅರ್ಜಿಯನ್ನು ವಿಷಾದಪೂರ್ವಕವಾಗಿ ತಿರಸ್ಕರಿಸಲಾಗಿದೆ.” ಒಂದು ಪ್ರತಿಯನ್ನು ಅರ್ಜಿದಾರರಿಗೆ ಖುದ್ದಾಗಿ ತಲುಪಿಸಿದರು.

ಆಕೆ ಮಂಚದ ಮೇಲೆ ಒರಗಿಕೊಂಡು ಎರಡು ಸಲ ಓದಿದರು. ತಪ್ಪು ಹುಡುಕುವುದು ಆಕೆಯ ವೃತ್ತಿ. ಸಿಗಲಿಲ್ಲ.

ಕಾಲು ಮುರಿದಿಲ್ಲವೆಂದು ಹೀಗೆ ನಿರ್ಧಾರವಾದ ಮೇಲೆ ಮುಖ್ಯೋಪಾಧ್ಯಾಯಿನಿಯವರು ಆಕೆಗೆ ಎಂದಿನಂತೆ ಮೂರನೇ ಮಹಡಿಯ ತರಗತಿಯನ್ನೇ ಕೊಟ್ಟರು. ಸೋಮವಾರ ರೂಲ್ ಸಾಹೇಬರು ಆಕೆಯನ್ನು ಶಾಲೆಯವರೆಗೆ ಕರೆತಂದರು. ಊರುಗೋಲು ಹಿಡಿದು ಆಕೆ ಮೊದಲ ಮೆಟ್ಟಿಲು ಹತ್ತಿದರು, ಎರಡನೆಯದು ಹತ್ತಿದರು, ಮೆಟ್ಟಿಲ ಕಂಬಿ ಹಿಡಿದು ನಿಂತರು. ಹಣೆಯ ಮೇಲೆ ಬೆವರು ಮೂಡಿತ್ತು.

“ತುಂಬಾ ನೋಯ್ತಿದೆಯೇನೇ?” ಎಂದರು ರೂಲ್ ಸಾಹೇಬರು.

“ಯಾರು ಕೇಳ್ತಿರೋದು? ನಮ್ಮನೆಯವರಾದ್ರೆ, ಹೌದು. ತಪಾಸಕರಾದ್ರೆ, ಇಲ್ಲ.”

ರೂಲ್ ಸಾಹೇಬರು ಕೈಗಡಿಯಾರ ನೋಡಿಕೊಂಡರು. ಕಚೇರಿಯ ವೇಳೆ ಶುರುವಾಗಿತ್ತು.

“ಇಲ್ಲ ಅಂದ್ರೆ ಸಂತೋಷ” ಎಂದು ಹೇಳಿ ಅವರು ಕರ್ತವ್ಯಕ್ಕೆ ಹೊರಟರು.