ಹನ್ನೊಂದನೇ ದಿನದ ಮಜ್ಜಿಗೆ ಹುಳಿ

ಬೇರೆಯವರನ್ನು ಬೆಚ್ಚಿಬೀಳಿಸುವುದೇ ನನ್ನ ಕಸುಬು. ಹಾಗೆಂದು ನಾನು ಹುಲಿವೇಷ ಹಾಕುವವಳಲ್ಲ. ವಿಜ್ಞಾನ, ಆರೋಗ್ಯ, ಆಹಾರ, ಪರಿಸರ ಎಂದು ನಾಲ್ಕು ವಿಷಯ ಹಿಡಿದುಕೊಂಡು ಬರೆಯುತ್ತೇನೆ, ಫೋಟೊ ತೆಗೆಯುತ್ತೇನೆ, ವಿಡಿಯೊ ಮಾಡಿ ಅದಕ್ಕೆ ನಾನೇ ದನಿಯನ್ನೂ ಕೊಡುತ್ತೇನೆ. ಯಾವ ಕಚೇರಿಯ ಹಾಜರಿ ಪುಸ್ತಕದಲ್ಲೂ ನನ್ನ ಹೆಸರಿಲ್ಲ. ಇದಕ್ಕೆ ಫ್ರೀಲಾನ್ಸ್ ಪತ್ರಕರ್ತೆ ಎನ್ನುತ್ತಾರೆ. ನಮ್ಮ ನೆಂಟರು ಮಾತ್ರ "ಮನೇಲೇ ಇರ್ತಾಳೆ" ಎನ್ನುತ್ತಾರೆ. "ನೀವು ದಿನಾ ಪಾತ್ರೆ ಉಜ್ಜುವ ಸ್ಪಂಜಿನಲ್ಲಿ ಏನೇನಿದೆ ಗೊತ್ತೇ?" ಎಂದು ದನಿ ತಗ್ಗಿಸಿ ಕೇಳಿ ಒಂದು ಕ್ಷಣ ಸುಮ್ಮನಾದರೆ ಸಾಕು, ಜನ ಮೊಬೈಲಿನ ಮೇಲೆ ಬೆರಳಾಡಿಸುವುದನ್ನು ನಿಲ್ಲಿಸಿ ನೋಡುತ್ತಾರೆ. ಇಷ್ಟು ವರ್ಷ ಊರನ್ನೆಲ್ಲ ಹೀಗೆ ಬೆಚ್ಚಿಸಿದ ನಾನು ಮೊನ್ನೆ ಬೆಚ್ಚಿದ್ದೇನಲ್ಲ, ಅದರ ನಡುಕ ಇನ್ನೂ ಪೂರ್ತಿ ಇಳಿದಿಲ್ಲ.

ಈ ಕಸುಬಿನಿಂದ ಹೆಚ್ಚು ತೊಂದರೆಪಟ್ಟಿರುವುದು ನನ್ನ ಗಂಡ ಮಹೇಶ. ಉಪ್ಪಿನ ಬಗ್ಗೆ ಬರೆದ ವಾರ ನಮ್ಮ ಮನೆಯ ಅಡಿಗೆಯಿಂದ ಉಪ್ಪು ಮುಕ್ಕಾಲು ಪಾಲು ಹೋಯಿತು. ಎಣ್ಣೆಯ ಬಗ್ಗೆ ಬರೆದಾಗ ಒಗ್ಗರಣೆ ಹೋಯಿತು. ಆಮೇಲೆ ತೆಂಗಿನಕಾಯಿಯೂ ತೆಳ್ಳಗಾಯಿತು. ಪಾಪ, ಬಾಯಿ ಬಿಟ್ಟು ಏನೂ ಅನ್ನುವವರಲ್ಲ. ಮದುವೆಯಾದ ಹೊಸತರಲ್ಲಿ "ಆಹಾ, ಏನು ರುಚಿ!" ಎನ್ನುತ್ತಿದ್ದವರು ಈಗ "ಪೌಷ್ಟಿಕವಾಗಿದೆ" ಎಂದು ಹೇಳಿ ನೀರು ಕುಡಿಯುತ್ತಾರೆ. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಾವಿರುವುದು ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮನೆಯಲ್ಲಿ. ಕೆಳಗಿನ ಮನೆಯಲ್ಲಿ ವನಜಾಕ್ಷಿ ಆಂಟಿ ಇದ್ದಾರೆ. ಮದುವೆಯ ಗೋಜಿಗೇ ಹೋಗದೆ ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು, ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಎಪ್ಪತ್ತು ದಾಟಿದೆ. ಕೈ ಮಾತ್ರ ಅಮೃತ. ವಾರಕ್ಕೊಮ್ಮೆ ಒಂದು ಸ್ಟೀಲ್ ಡಬ್ಬಿಯಲ್ಲಿ ಗೊಜ್ಜವಲಕ್ಕಿಯೋ, ಮೆಂತ್ಯದ ಹಿಟ್ಟೋ, ಹಯಗ್ರೀವವೋ ಮೇಲೆ ಹತ್ತಿಬರುತ್ತದೆ. ನಗರ್ತಪೇಟೆಯಲ್ಲಿ ಜೋಡಿಯಾಗಿ ಕೊಂಡು ಹೆಸರು ಕೊರೆಸಿದ ಡಬ್ಬಿಗಳವು. ಎರಡರ ಮುಚ್ಚಳದ ಮೇಲೂ "ವನಜಾಕ್ಷಿ", ಪಕ್ಕದಲ್ಲೊಂದು ಪುಟ್ಟ ಹೂವು. ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಹಾಗಿಲ್ಲವಲ್ಲ, ನಾಲ್ಕು ಚಮಚ ಸಕ್ಕರೆಯಾದರೂ ಇರಬೇಕು. ನಾನು ಸಕ್ಕರೆಯ ವಿರುದ್ಧವೂ ಬರೆದಿದ್ದೇನೆ. ಹಾಗಾಗಿ ಆರು ವರ್ಷದಿಂದ ನನ್ನ ಕೈಯಡಿಗೆಯನ್ನೇ ತುಂಬಿ ಕಳಿಸುತ್ತಿದ್ದೇನೆ. ಮರುದಿನ ಆಂಟಿ ಸಿಕ್ಕಿದಾಗ "ತುಂಬಾ ಚೆನ್ನಾಗಿತ್ತು ಕಣಮ್ಮ" ಎಂದು ತಪ್ಪದೆ ಹೇಳುತ್ತಾರೆ. ಆ ಮಾತನ್ನು ನಾನು ಗಂಡನಿಗೆ ಎರಡು ಸಲ ಹೇಳುತ್ತೇನೆ.

ಆಂಟಿಯ ಅಂಗಳದ ಕರಿಬೇವಿನ ಗಿಡದ ಮೇಲೆ ಹೋದ ವರ್ಷ ನಾನೊಂದು ವಿಡಿಯೊ ಮಾಡಿದ್ದೆ. ನಾನು ಬೆಚ್ಚಿಸದೆ ಮಾಡಿದ ವಿಡಿಯೊ ಅದೊಂದೇ. ಜನ ಮುಗಿಬಿದ್ದು ನೋಡಿದ್ದೂ ಅದೊಂದನ್ನೇ. ಬೇರೆಯವರ ಮನೆಯಲ್ಲಿ ಕಡ್ಡಿಯ ಹಾಗಿರುವ ಗಿಡ ಇವರಲ್ಲಿ ಮಹಡಿ ಮುಟ್ಟಿದೆ. ಗುಟ್ಟೇನು ಎಂದು ಕೇಳಿದ್ದಕ್ಕೆ ಆಂಟಿ, "ಅಯ್ಯೋ, ಏನಿಲ್ಲಮ್ಮ, ಹುಳಿ ಮಜ್ಜಿಗೆ ಅದೂ ಇದೂ ಬುಡಕ್ಕೆ ಸುರೀತೀನಿ" ಎಂದು ನಕ್ಕಿದ್ದರು. ಕ್ಯಾಮೆರಾ ಕಂಡು ನಾಚಿಕೆಯೇನೋ ಎಂದುಕೊಂಡಿದ್ದೆ.

ಇನ್ನು ಮೊನ್ನೆಯ ಕಥೆಗೆ ಬರುತ್ತೇನೆ. ಒಂದು ಸುದ್ದಿತಾಣಕ್ಕೆ "ಫ್ರಿಜ್ಜಿನಲ್ಲಿಟ್ಟರೆ ಎಲ್ಲವೂ ಕ್ಷೇಮವೇ?" ಎಂಬ ವಿಡಿಯೊ ಮಾಡಬೇಕಿತ್ತು. ಮಜ್ಜಿಗೆ ಹುಳಿಯನ್ನು ಡಬ್ಬಿಯಲ್ಲಿಟ್ಟು, ದಿನಾ ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಮುಚ್ಚಳ ತೆಗೆದು ಫೋಟೊ ಹಿಡಿದು, ಅದು ಹೇಗೆ ಕೆಡುತ್ತಾ ಹೋಗುತ್ತದೆಂದು ತೋರಿಸುವುದು. ಪ್ಲಾಸ್ಟಿಕ್ಕಿನ ಮೇಲೆ ಬರೆದು ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಹೊರಹಾಕಿದ್ದರಿಂದ, ಕೈಗೆ ಸಿಕ್ಕಿದ್ದು ಆಂಟಿಯ ಡಬ್ಬಿ. "ಮುಟ್ಟಬಾರದು" ಎಂದು ಚೀಟಿ ಅಂಟಿಸಿ ಮೇಲಿನ ಅರೆಯಲ್ಲಿಟ್ಟೆ. ಐದನೇ ದಿನ ಬಣ್ಣ ತಿರುಗಿತು, ಎಂಟನೇ ದಿನ ಹಸಿರು ಪದರ ಬಂತು. "ನಾಳೆ ಹನ್ನೊಂದನೇ ದಿನ, ಮುಗಿದುಹೋಗತ್ತೆ" ಎಂದು ನಾನು ಸಂಭ್ರಮಪಟ್ಟರೆ ಮಹೇಶ, "ಹನ್ನೊಂದನೇ ದಿನ ಗಿನ ಅಂತೆಲ್ಲ ಅನ್ಬೇಡ್ವೇ, ಕೇಳೋಕಾಗಲ್ಲ" ಎಂದರು. ನಾನು ನಕ್ಕೆ. ನಗಬಾರದಿತ್ತು.

ಮರುದಿನ ಬೆಳಿಗ್ಗೆ ಹೊಸದಾಗಿ ಬೂದುಗುಂಬಳಕಾಯಿ ಮಜ್ಜಿಗೆ ಹುಳಿ ಮಾಡಿ, ಆಂಟಿಗೆ ಕೊಡಲೆಂದು ಅವರ ಇನ್ನೊಂದು ಡಬ್ಬಿಗೆ ತುಂಬಿಟ್ಟೆ. ಹಳೆಯ ಹುಳಿಯ ಫೋಟೊ ತೆಗೆಯುವಾಗ ಅದರ ಡಬ್ಬಿಯ ಮುಚ್ಚಳವನ್ನೂ ಪಕ್ಕದಲ್ಲಿಟ್ಟು ತೆಗೆದರೆ ಚೆಂದ ಅನ್ನಿಸಿತು. ಆದರೆ ಆ ಚೀಟಿ ಕಣ್ಣಿಗೆ ಚುಚ್ಚುತ್ತಿತ್ತು. ಕಿತ್ತೆ. ಅಂಟು ಹಾಳಾಗದಿರಲಿ ಎಂದು ಎದುರಿಗಿದ್ದ ಹೊಸ ಹುಳಿಯ ಡಬ್ಬಿಯ ಮುಚ್ಚಳಕ್ಕೆ ತಾತ್ಕಾಲಿಕವಾಗಿ ಅಂಟಿಸಿದೆ. ಫೋಟೊ ಮುಗಿಯಿತು. ಎರಡನ್ನೂ ಫ್ರಿಜ್ಜಿನಲ್ಲಿಟ್ಟು, "ರೀ, ಆಫೀಸಿಗೆ ಹೋಗ್ತಾ ಆಂಟಿ ಡಬ್ಬಿ ಕೊಟ್ಬಿಡಿ, ಚೀಟಿ ಇರೋದು ಮುಟ್ಬೇಡಿ" ಎಂದು ಕೂಗಿ, ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿದೆ.

ಹೋಗಿದ್ದು ಬಸವನಗುಡಿಗೆ, ಸೂಕ್ಷ್ಮಜೀವಿ ತಜ್ಞೆಯೊಬ್ಬರ ಮಾತು ರೆಕಾರ್ಡ್ ಮಾಡಲು. ಮೊಬೈಲಿನಲ್ಲಿ ಆ ಬೆಳಗಿನ ಫೋಟೊ ತೋರಿಸಿದೆ. "ಅಯ್ಯಯ್ಯೋ!" ಎಂದರು. ಇದನ್ನು ವಯಸ್ಸಾದವರು ಯಾರಾದರೂ ತಿಂದರೆ ಎಂದು ಕೇಳಿದೆ. "ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ, ತಡ ಮಾಡಿದ್ರೆ ಜೀವಕ್ಕೇ ಕಷ್ಟ" ಎಂದರು. ಎಷ್ಟು ಒಳ್ಳೆಯ ಮಾತು! ವಿಡಿಯೊದ ಮೊದಲಲ್ಲೇ ಹಾಕಬೇಕು ಎಂದುಕೊಂಡು ದಾರಿಯುದ್ದಕ್ಕೂ ಅದನ್ನೇ ಕೇಳಿಸಿಕೊಳ್ಳುತ್ತಾ ಬಂದೆ.

ಮನೆಗೆ ಬಂದಾಗ ಒಂದೂಕಾಲು. ಕೊನೆಯ ದೃಶ್ಯ ಬಾಕಿಯಿತ್ತು. ಚಮಚದಲ್ಲಿ ಆ ಪದರವನ್ನು ಎತ್ತಿ ತೋರಿಸುವುದು. ಫ್ರಿಜ್ಜು ತೆಗೆದೆ. ಡಬ್ಬಿಯಿತ್ತು, ಮೇಲೆ ಚೀಟಿಯೂ ಇತ್ತು. ಮುಚ್ಚಳ ತೆಗೆದೆ. ಒಳಗೆ ಬೂದುಗುಂಬಳಕಾಯಿ ಬೆಳ್ಳಗೆ ತೇಲುತ್ತಿತ್ತು.

ಎದೆ ಧಸಕ್ಕೆಂದಿತು. ಮಹೇಶನಿಗೆ ಫೋನ್ ಮಾಡಿ "ಯಾವ ಡಬ್ಬಿ ಕೊಟ್ರಿ?" ಎಂದು ಕಿರುಚಿದೆ. "ಚೀಟಿ ಇಲ್ಲದ್ದು ಕಣೇ. ನೀನೇ ಅಲ್ವಾ ಹೇಳಿದ್ದು?" ಹೌದು, ನಾನೇ! ಆಂಟಿ ಹನ್ನೆರಡೂವರೆಗೆ ಸರಿಯಾಗಿ ಊಟಕ್ಕೆ ಕೂರುವವರು. ಅವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ತಜ್ಞೆಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. ಅಯ್ಯೋ ದೇವರೇ, ವಿಡಿಯೊ ಮಾಡಲು ಹೋಗಿ ಆಂಟಿಯನ್ನೇ ಕೊಂದೆನಲ್ಲಪ್ಪಾ ಎಂದು ಅಳುತ್ತಾ, ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದೆ.

ಬೆಲ್ ಒತ್ತಿದೆ, ಬಾಗಿಲು ಬಡಿದೆ. ಎಷ್ಟೋ ಹೊತ್ತಿನ ಮೇಲೆ ಆಂಟಿ ಕಣ್ಣುಜ್ಜುತ್ತಾ ಬಾಗಿಲು ತೆಗೆದರು. ಊಟ ಮುಗಿಸಿ ಅಡ್ಡಾಗಿದ್ದರಂತೆ.

"ಆಂಟಿ, ನಾವು ಕಳಿಸಿದ್ದು... ತಿಂದ್ರಾ?"

"ಆಯ್ತಲ್ಲಮ್ಮ. ತುಂಬಾ ಚೆನ್ನಾಗಿತ್ತು ಕಣಮ್ಮ. ಅದಿತ್ತು ಅಂತ ಎರಡು ತುತ್ತು ಜಾಸ್ತೀನೇ ಉಂಡೆ."

"ಏಳಿ ಆಂಟಿ, ಆಸ್ಪತ್ರೆಗೆ ಹೋಗೋಣ" ಎಂದು, ನಿಂತೇ ಇದ್ದವರ ಕೈ ಹಿಡಿದು ಎಳೆದೆ. "ನಂಗೇನಾಗಿದೆ? ಬಿಡು ಕೈಯ, ಹುಚ್ಚು ಹುಡುಗಿ!" ಎಂದು ಅವರು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಗ ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಬಾಯಿ ಬಿಟ್ಟೆ. ಹನ್ನೊಂದು ದಿನ, ಚೀಟಿ, ಹಸಿರು ಪದರ, ಜೀವಕ್ಕೇ ಕಷ್ಟ, ಎಲ್ಲವನ್ನೂ. ಆಂಟಿ ನನ್ನನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಹೇಳಿದರು.

"ಅಳ್ಬೇಡ್ವೇ. ನಾನು ಅದನ್ನ ತಿಂದಿಲ್ಲ."

ಹೋದ ಜೀವ ಬಂದಂತಾಯಿತು. "ಅಬ್ಬಾ! ಕೆಟ್ಟಿದೆ ಅಂತ ಗೊತ್ತಾಯ್ತಾ ಆಂಟಿ? ವಾಸನೆ ಬಂತಾ?"

"ಇಲ್ವಲ್ಲ. ಮುಚ್ಚಳ ತೆಗೆದೆ, ಕರಿಬೇವಿನ ಬುಡಕ್ಕೆ ಸುರಿದೆ."

"ನೋಡಿದ್ರಲ್ಲ ಆಂಟಿ, ಮೇಲೆಲ್ಲ ಹಸಿರು ಕಟ್ಟಿತ್ತು!"

"ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿದೀಯಾ ಅಂದ್ಕೊಂಡೆ. ಮಿಕ್ಕಿದ್ದೆಲ್ಲ ಯಾವತ್ತಿನ ಹಾಗೇ ಇತ್ತು ಕಣಮ್ಮ."

ಯಾವತ್ತಿನ ಹಾಗೇ! ಎಷ್ಟು ವರ್ಷದಿಂದ ಎಂದು ಕೇಳುವುದೂ ಬೇಕಾಗಲಿಲ್ಲ, ಕಿಟಕಿಯಾಚೆ ಕರಿಬೇವಿನ ಗಿಡ ಮಹಡಿ ಮುಟ್ಟಿ ನಿಂತಿತ್ತು. ಆಂಟಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. "ಬೇಜಾರು ಮಾಡ್ಕೋಬೇಡ. ಬೇರೆಯವರ ಮನೆ ಸಾರು ಹುಳಿ ಹಾಕಿದ್ರೆ ಉಪ್ಪಿಗೆ ಗಿಡ ಸುಟ್ಟೋಗತ್ತೆ. ನಿನ್ನ ಅಡಿಗೇಲಿ ಉಪ್ಪೂ ಇರಲ್ಲ, ಎಣ್ಣೆನೂ ಇರಲ್ಲ, ಗಿಡಕ್ಕೆ ಹೇಳಿ ಮಾಡಿಸಿದ ಹಾಗಿರತ್ತೆ" ಎಂದು ಸಮಾಧಾನ ಮಾಡಿದರು. ಬಾಗಿಲವರೆಗೆ ಬಂದು, "ಸಕ್ಕರೆ ಹಾಕಿ ಕೊಟ್ಟಿದ್ರೂ ಸಾಕಾಗಿತ್ತು ಕಣಮ್ಮ" ಎಂದೂ ಸೇರಿಸಿದರು. ತೊಳೆದಿಟ್ಟಿದ್ದ ಡಬ್ಬಿಯನ್ನು ಖಾಲಿ ಕೊಡದೆ ತುಂಬ ಕರಿಬೇವು ತುಂಬಿ ಕೊಟ್ಟರು.

ಸಂಜೆ ನನಗೆ ರೋಷ ಉಕ್ಕಿತು. ಅಷ್ಟೊಂದು ಕೆಟ್ಟದಾಗಿರಲು ಸಾಧ್ಯವೇ? ಇವರಿಗೆಲ್ಲ ಆರೋಗ್ಯದ ರುಚಿ ಗೊತ್ತಿಲ್ಲ, ಅಷ್ಟೆ. ಫ್ರಿಜ್ಜಿನಲ್ಲಿ ಉಳಿದಿದ್ದ ಹೊಸ ಮಜ್ಜಿಗೆ ಹುಳಿಯನ್ನು ಬಿಸಿ ಮಾಡಿ, ಬಿಸಿ ಅನ್ನಕ್ಕೆ ಕಲಸಿ, ಆರು ವರ್ಷದಲ್ಲಿ ಮೊದಲ ಬಾರಿಗೆ ಪತ್ರಕರ್ತೆಯ ಹಾಗಲ್ಲದೆ ಊಟ ಮಾಡುವವರ ಹಾಗೆ ಒಂದು ತುತ್ತು ಬಾಯಿಗಿಟ್ಟೆ. ಎದುರಿಗೆ ಕೂತಿದ್ದ ಮಹೇಶ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

ಕುಡಿದೆ. ಆಮೇಲೆ ಪಾತ್ರೆಯನ್ನು ಎತ್ತಿಕೊಂಡು ಕೆಳಗಿಳಿದೆ. ಆಂಟಿಯ ಬಾಗಿಲು ತಟ್ಟಲಿಲ್ಲ. ನೇರವಾಗಿ ಕರಿಬೇವಿನ ಗಿಡದ ಹತ್ತಿರ ಹೋದೆ.